ದೊಡ್ಡಪ್ಪ ಕಟ್ಟಿದ ಮೆಟ್ರೋ ನಿಲ್ದಾಣ

ಬೆಂಗಳೂರಿನ ಗಾಜಿನ ಛಾವಣಿಯ ಆ ನೆಲದಡಿಯ ಮೆಟ್ರೋ ನಿಲ್ದಾಣವನ್ನು ಕಟ್ಟಿದವರು ಯಾರು ಗೊತ್ತೇ? ನಮ್ಮ ದೊಡ್ಡಪ್ಪ! ಸಹಾಯಕ್ಕೆ ಒಂದಷ್ಟು ಎಂಜಿನಿಯರುಗಳೂ ಇದ್ದರಂತೆ.

ಕೆರೆಬಿಳಚಿಯ ಈ ಕಲ್ಲು ಹಾಸುವ ಮೇಸ್ತ್ರಿಯ ಪ್ರಕಾರ ನಿಲ್ದಾಣದ ಇತಿಹಾಸ ಶುರುವಾಗುವುದೇ ಅವರು ಚನ್ನಗಿರಿಯಲ್ಲಿ ಬಸ್ಸು ಹತ್ತಿದ ದಿನದಿಂದ. ಅದಕ್ಕೂ ಮೊದಲು ಅಲ್ಲಿ ಬರೀ ಗುಂಡಿ ಇತ್ತಂತೆ! ತ್ಯಾವಣಿಗೆಯ ಹೋಟೆಲಿನಲ್ಲಿ ಕೂತರೆ ಟೀ ಲೋಟಗಳನ್ನು ಕಂಬಗಳಾಗಿ ನಿಲ್ಲಿಸಿ, ಮೇಲೆ ತಟ್ಟೆ ಮುಚ್ಚಿ, ಗಾಜಿನ ಛಾವಣಿಯ ಬೆಳಕು ಎರಡು ಅಂತಸ್ತು ಕೆಳಗೆ ಹೇಗೆ ಇಳಿಯುತ್ತದೆಂದು ವಿವರಿಸುತ್ತಾರೆ. ಲೋಟದ ಒಡೆಯರು ಪಾಪ, ಟೀಗಾಗಿ ಕಾಯುತ್ತಿರುತ್ತಾರೆ.

ಎಲ್ಲಿ ಹೋದರೂ ಕಲ್ಲಿನಡಿ ಟೊಳ್ಳಿದೆಯೇ ಎಂದು ನೆಲ ಕುಟ್ಟಿ ನೋಡುವುದು ಅವರ ಚಾಳಿ. ನನಗೆ ಹೆಣ್ಣು ನೋಡಲು ಹೊನ್ನಾಳಿಗೆ ಹೋದಾಗಲೂ ಕುಟ್ಟಿದರು. "ಹುಡುಗಿ ಚೆನ್ನಾಗಿದಾಳೆ. ಆದ್ರೆ ಈ ಕಲ್ಲಿನ ಕೆಳಗೆ ಸಿಮೆಂಟ್ ತುಂಬಿಲ್ಲ ನೋಡ್ರಿ!" ನಾನು ಆ ಮನೆಯ ಅಳಿಯನಾಗುವ ಮೊದಲು ಮಾವನವರ ನೆಲ ರಿಪೇರಿಯಾಗಬೇಕಾಯಿತು!

ಊರೆಲ್ಲ ನಂಬಿದರೂ ದೊಡ್ಡಮ್ಮ ಮಾತ್ರ ನಂಬಲಿಲ್ಲ. "ನಮ್ಮ ಅಡುಗೆಮನೆ ಕಲ್ಲು ಮೂರು ವರ್ಷದಿಂದ ಅಲ್ಲಾಡ್ತೈತೆ, ದಿನಾ ಎಡವ್ತೀನಿ. ಇವ್ರು ಮೆಟ್ರೋ ಕಟ್ಟಿದ್ರಂತೆ!"

ಒಮ್ಮೆ ದೊಡ್ಡಮ್ಮನಿಗೆ ನಿಲ್ದಾಣ ತೋರಿಸಬೇಕೆಂಬುದೇ ದೊಡ್ಡಪ್ಪನ ಆಸೆ. ಇವತ್ತು ನಾಳೆ ಎನ್ನುವಷ್ಟರಲ್ಲಿ ಸಕ್ಕರೆ ಕಾಯಿಲೆ ದೊಡ್ಡಮ್ಮನ ಕಣ್ಣನ್ನೇ ಕಿತ್ತುಕೊಂಡಿತು. "ಇನ್ನೇನು ನೋಡಾಕೆ ಬರ್ಲಿ?" ಎಂದರು. ಆದರೂ ದೊಡ್ಡಪ್ಪ ಹಟ ಹಿಡಿದು ಕರೆದುಕೊಂಡು ಹೊರಟರು; ಜೊತೆಗೆ ನಾನು.

ನಿಲ್ದಾಣದ ಒಳಗೆ ಹೋದದ್ದೇ ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತು ನೆಲ ಕುಟ್ಟತೊಡಗಿದರು! ಕಾವಲುಗಾರ ಓಡಿ ಬಂದ. "ಏನ್ ಮಾಡ್ತಿದ್ದೀರಾ?"

"ನಾನು ಹಾಕಿದ ಕಲ್ಲು ಹೆಂಗೈತೆ ಅಂತ ವಿಚಾರಿಸ್ತಿದೀನಿ. ನೀನು ಹೋಗಪ್ಪ!"

ಆಮೇಲೆ ದೊಡ್ಡಮ್ಮನ ಚಪ್ಪಲಿ ಬಿಡಿಸಿದರು. ಕಣ್ಣು ಕಾಣದವರು ಪಾದದಿಂದಲೇ ದಾರಿ ತಿಳಿಯಲೆಂದು ಹಾಸಿದ, ಉಬ್ಬುಗೆರೆಗಳ ಹಳದಿ ಪಟ್ಟಿಯ ಮೇಲೆ ಅವರನ್ನು ನಿಲ್ಲಿಸಿ ಕೈಬಿಟ್ಟರು. ದೊಡ್ಡಮ್ಮ ಒಂದು ಹೆಜ್ಜೆ ಇಟ್ಟರು. ಇನ್ನೊಂದು. ಗೆರೆ ತಿರುಗಿದಲ್ಲಿ ತಾವೂ ತಿರುಗಿದರು. ಗೆರೆ ಮುಗಿದು, 'ನಿಲ್ಲು' ಎನ್ನುವ ಗುಂಡು ಚುಕ್ಕೆಗಳು ಬಂದಾಗ, ಯಾರೂ ಹೇಳದೆ, ನಿಂತರು.

"ಎಲ್ಲೂ ಎಡವಲಿಲ್ಲ ರೀ. ನಿಜವಾಗ್ಲೂ ನೀವೇ ಹಾಕಿದ್ದಾ ಇದು?"

ಊರಿಗೆಲ್ಲ ಭಾಷಣ ಬಿಗಿಯುವ ದೊಡ್ಡಪ್ಪ ಬಗ್ಗಿ ಚಪ್ಪಲಿ ತೊಡಿಸತೊಡಗಿದರು. ಅವರ ಕಣ್ಣು ತುಂಬಿದ್ದನ್ನು ನಾನೊಬ್ಬನೇ ನೋಡಿದೆ.

ಈಗ ಕೆರೆಬಿಳಚಿಯ ಮನೆಯಲ್ಲಿ ಹಾಸಿಗೆಯಿಂದ ಒಲೆಯವರೆಗೆ ಒಂದು ಹಳದಿ ಪಟ್ಟಿ ಇದೆ. ದೊಡ್ಡಮ್ಮ ಯಾರ ಕೈಯನ್ನೂ ಹಿಡಿಯದೆ ಅದರ ಮೇಲೆ ನಡೆದು ಹೋಗಿ ಬೆಳಗಿನ ಟೀ ಮಾಡುತ್ತಾರೆ.