ಕಡಲಿಲ್ಲದ ನಾಡಿನ ಸ್ಪಂಜು

ಸರಕಾರಿ ಪ್ರಯೋಗಾಲಯಕ್ಕೆ ಕೇಳಿದ ಸಾಮಾನು ಬರುವುದಿಲ್ಲ, ಕೇಳದ ಫಜೀತಿ ದಿನಾ ಬರುತ್ತದೆ. ಎಂಬತ್ತರ ದಶಕದಲ್ಲಿ ಗುಲ್ಬರ್ಗದ ಒಂದು ಕಾಲೇಜಿನಲ್ಲಿ ನಾನು ಅಟೆಂಡರ್. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ರಸಾಯನಶಾಸ್ತ್ರ ಕಲಿತದ್ದು ಬಾಟಲಿ ತೊಳೆಯುತ್ತ, ಜಗಳ ಕಲಿತದ್ದು ಬಾಟಲಿ ಕೇಳುತ್ತ.

ಅಲ್ಲಿ ಆಳಂದದ ಒಬ್ಬ ಅಕ್ಕ ಸಂಶೋಧನೆಗೆ ಬಂದಿದ್ದರು. ಕಡಲತಳದ ಸ್ಪಂಜು ಎಂಬ ಜೀವಿ, ಮೀನು ತನ್ನನ್ನು ಕಚ್ಚದಿರಲೆಂದು ಮೈಯಲ್ಲಿ ಕ್ಲೋರಿನ್ ಇರುವ ಒಂದು ವಸ್ತು ಮಾಡಿಕೊಳ್ಳುತ್ತದೆ. ಅದನ್ನೇ ಸ್ಪಂಜಿಲ್ಲದೆ ಗಾಜಿನ ಬುರುಡೆಯಲ್ಲಿ ತಯಾರಿಸುವುದು ಅಕ್ಕನ ಕೆಲಸ. ಮೂರು ವರ್ಷದ ಗಡುವು. ಅಷ್ಟರೊಳಗೆ ಪುಡಿ ಕೈಗೆ ಬರದಿದ್ದರೆ ಡಾಕ್ಟರೇಟ್ ಇಲ್ಲ.

೧. ಜೇವರ್ಗಿಯ ಚಹಾದಂಗಡಿ

ಇದನ್ನೆಲ್ಲ ಜೇವರ್ಗಿಯ ಚಹಾದಂಗಡಿಯಲ್ಲಿ ವಿವರಿಸುತ್ತಿದ್ದೆ. ಕೊಳಕೂರಿನ ಒಬ್ಬ ಮುದುಕರು ಕೇಳಿದರು:

"ಸ್ಪಂಜ ಎಲ್ಲಿರತೈತೋ?"

"ಸಮುದ್ರದಾಗ್ರಿ ಕಾಕಾ."

"ಮೀನ?"

"ಅವೂ ಅಲ್ಲೇರಿ."

"ಮತ್ತ ಅವೆರಡರ ಜಗಳದಾಗ ಗುಲ್ಬರ್ಗಾದವ್ರು ಯಾಕ ಬಿದ್ದೀರಿ?"

ಊರೂರಿನ ಜಗಳಕ್ಕೆ ನುಗ್ಗುವ ನಾನು ಆವತ್ತು ಚಹಾದ ದುಡ್ಡು ಕೊಟ್ಟು ಬಸ್ಸು ಹತ್ತಿದೆ.

೨. ಫ್ಯಾನು

ವಿಷಗಾಳಿ ಹೊರಗೆ ತಳ್ಳುವ ಫ್ಯಾನು ಕೆಟ್ಟು ವರ್ಷವಾಗಿತ್ತು. ಅರ್ಜಿ ಕೊಟ್ಟೆ, ಧರಣಿ ಕೂತೆ. ಎದುರು ಕೋಣೆಯ ಸೂಪರಿಂಟೆಂಡೆಂಟರು ನಕ್ಕರು: "ಗಾಳಿಗೂ ಅರ್ಜಿ ಹಾಕ್ತೀಯೇನಲೇ?"

ಮರುವಾರ ಕ್ಲೋರಿನ್ ತಯಾರಿಸುವಾಗ ನಾನು ಏನೂ ಮಾಡಲಿಲ್ಲ, ಬಾಗಿಲು ತೆರೆದೆ ಅಷ್ಟೇ. ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೆಮ್ಮುತ್ತ ಓಡಿಬಂದರು.

"ಏನಲೇ ಇದು?"

"ಗಾಳಿರೀ ಸಾಹೇಬ್ರ. ಅರ್ಜಿ ಬ್ಯಾಡ, ಪುಕ್ಕಟೆ."

ಮರುದಿನವೇ ಫ್ಯಾನು ಬಂತು. ಅವರ ಕೋಣೆಗೆ.

೩. ವಿಭೂತಿ ಬಟ್ಟಲು

ಗಡುವಿಗೆ ಎಂಟು ದಿನ ಇರುವಾಗ ಪುಡಿ ಬಂತು. ಬೆಳ್ಳಗೆ, ಒಂದು ಚಿಟಿಕೆ. ಇಡಲು ಉಗ್ರಾಣದಲ್ಲಿ ಒಂದು ಸೀಸೆಯೂ ಇಲ್ಲ! ಸಿಟ್ಟಿನಲ್ಲಿ ಮನೆಗೆ ಹೋಗಿ, ತೀರಿಹೋದ ನಮ್ಮಪ್ಪನ ಪಿಂಗಾಣಿ ವಿಭೂತಿ ಬಟ್ಟಲನ್ನೇ ತೊಳೆದು ತಂದೆ.

ಮರುದಿನ ಅಕ್ಕನ ತಂದೆ ಆಳಂದದಿಂದ ಬಂದರು. ಅವರನ್ನು ಕೂರಿಸಿ ಅಕ್ಕ ಗೈಡನ್ನು ಕರೆಯಲು ಹೋದರು, ನಾನು ಚಹಾ ತರಲು ಹೋದೆ. ತಿರುಗಿ ಬಂದರೆ ಹಿರಿಯರು ಕಣ್ಣು ಮುಚ್ಚಿ ಕೂತಿದ್ದಾರೆ. ಹಣೆಯ ಮೇಲೆ ಮೂರು ಬಿಳಿ ಗೆರೆ. ಬಟ್ಟಲು ಖಾಲಿ.

ಅಷ್ಟರಲ್ಲಿ ಅಕ್ಕನೂ ತಿರುಗಿ ಬಂದರು, ಬಟ್ಟಲು ನೋಡಿದರು, ಅಪ್ಪನ ಹಣೆ ನೋಡಿದರು. ಅಕ್ಕ ಅಳಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದರು. "ಅಪ್ಪಾ, ಅಲುಗಾಡಬ್ಯಾಡ್ರಿ." ಮೂರೂ ಗೆರೆ ಒರೆಸಿ ಗಾಜಿನ ಬುರುಡೆಗೆ ಹಿಂಡಿದರು. ಎರಡು ದಿನ ಸೋಸಿ, ಶುದ್ಧಮಾಡಿದರು. ಅರ್ಧ ಉಳಿಯಿತು. ಅಸಲಿ ಸ್ಪಂಜಿನ ವಸ್ತು ಎಷ್ಟು ಕಾವಿಗೆ ಕರಗುತ್ತದೋ ಅಷ್ಟಕ್ಕೇ ಇದೂ ಕರಗಿತು, ಅಂದರೆ ಎರಡೂ ಒಂದೇ! ಡಾಕ್ಟರೇಟ್ ಉಳಿಯಿತು. ಆ ಬಟ್ಟಲು ಇವತ್ತಿಗೂ ನನ್ನ ಹತ್ತಿರ ಇದೆ.

ಊರಿಗೆ ಹೋಗದೆ ಕಾದು ಕೂತಿದ್ದ ತಂದೆ ಆಗ ಬಾಯಿಬಿಟ್ಟರು: "ಅಲ್ಲವ್ವಾ, ಇದರಿಂದ ಏನಾಗತೈತಿ?"

"ಇದು ಇದ್ದವರ ಹತ್ರ ಮೀನ ಸುಳಿಯಂಗಿಲ್ರಿ ಅಪ್ಪಾ."

ಹಿರಿಯರು ಹಣೆ ಮುಟ್ಟಿಕೊಂಡರು.

"ಅರವತ್ತು ವರ್ಷ ಆತು ನಾ ವಿಭೂತಿ ಹಚ್ಚಾಕತ್ತು. ನಮ್ಮನಿ ಹತ್ರ ಒಂದು ಮೀನ ಸುಳಿದಿಲ್ಲ. ಇಷ್ಟಕ್ಕ ಮೂರು ವರ್ಷ ಬೇಕಿತ್ತೇನವ್ವಾ?"