ಸಾಹುಕಾರರ ನಂಬರು

ಸಿಂಧನೂರಿನ ಹೊನ್ನರಾಶಿ ಬೀಜ ಕಂಪನಿಯಲ್ಲಿ ಸಾಹುಕಾರ ಮರಿಸ್ವಾಮಿಯವರ ಕಂಪ್ಯೂಟರಿನ ಐಪಿ ನಂಬರಿಗಲ್ಲದೆ ಬೇರಾವ ನಂಬರಿಗೂ ಕಡತಗಳು ತೆರೆಯತಕ್ಕದ್ದಲ್ಲ ಎಂಬುದು ನಿಯಮ. ನಿಯಮ ಮಾಡಿದವರು ಮರಿಸ್ವಾಮಿಯವರೇ.

ಸಂತೆಕಲ್ಲೂರಿನ ಮನೆಯಿಂದಲೇ ವಿಪಿಎನ್ ಎಂಬ ಇಂಟರ್‌ನೆಟ್ ಒಳದಾರಿಯ ಮೂಲಕ ಕಂಪನಿಯ ಪತ್ರವ್ಯವಹಾರ ನೋಡಬೇಕಾದ ನಾಗವೇಣಿಯೂ ಮಸ್ಕಿ, ಲಿಂಗಸುಗೂರು ಶಾಖೆಗಳ ನೌಕರರಂತೆ ಕೈಕಟ್ಟಿ ಕೂರಬೇಕಾಯಿತು. ಅವಳ ನೌಕರಿ ಕಾಯಂ ಆಗಬೇಕಾದ ವರ್ಷ ಅದು. ಪಾಪ, ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು.

ನೆಟ್‌ವರ್ಕ್ ನೋಡಿಕೊಳ್ಳುವ ಇಸ್ಮಾಯಿಲ್‌ಸಾಬ್ ದಾರಿ ತೋರಿಸಿದ. "ಹೊರಗಿಂದ ಬರೋರ ನಂಬರು ಬಾಗಿಲದಾಗ ಬದ್ಲಿ ಮಾಡಿ ಒಳಗ ಬಿಡಬಹುದ್ರೀ ಸಾವ್ಕಾರ್ರ. ನ್ಯಾಟ್ ಅಂತಾರ ಅದಕ್ಕ. ಅವರಿಗೊಂದು ಬ್ಯಾರೆ ನಂಬರು ಕೊಟ್ಟು, ನಿಯಮದಾಗ ಸೇರಿಸಿದ್ರ ಆತು."

"ನಿಯಮ ಮುಟ್ಟಂಗಿಲ್ಲ. ಎಲ್ಲಾರಿಗೂ ನಂದೇ ನಂಬರು ಹಾಕು."

"ಆವಾಗ ಯಾರು ಏನ್ ಮಾಡಿದ್ರೂ ನೀವೇ ಮಾಡಿದಂಗ ಬರ್ತೈತ್ರೀ."

"ಕಂಪನಿ ಯಾರದಲೇ?"

ಇಸ್ಮಾಯಿಲ್‌ಸಾಬ್ ಹಾಗೆಯೇ ಮಾಡಿದ.

ವರ್ಷದ ಕೊನೆಗೆ, ಯಾವ ನಂಬರಿನಿಂದ ಎಷ್ಟು ಕೆಲಸವಾಯಿತೆಂದು ಕಂಪ್ಯೂಟರು ವರದಿ ಕೊಟ್ಟಿತು. ಮರಿಸ್ವಾಮಿಯವರು ಮಸ್ಕಿಯಲ್ಲಿ ಜೋಳದ ಬೀಜ ಮಾರುತ್ತ, ಅದೇ ಗಳಿಗೆಯಲ್ಲಿ ಲಿಂಗಸುಗೂರಿನಲ್ಲಿ ತೊಗರಿ ಬೀಜದ ಲೆಕ್ಕ ಬರೆಯುತ್ತ, ಸಂತೆಕಲ್ಲೂರಿನಿಂದ ಪತ್ರಗಳಿಗೆ ಉತ್ತರಿಸುತ್ತ ದುಡಿದಿದ್ದರು. ಆದಕಾರಣ ಅವರು ಅತ್ಯುತ್ತಮ ನೌಕರ ಪ್ರಶಸ್ತಿಯನ್ನು ತಮಗೇ ಘೋಷಿಸಿ, ಶಾಲು ಹೊದ್ದುಕೊಂಡರು. "ಇಷ್ಟು ದುಡದೀನಿ ಅಂತ ನನಗೇ ಗೊತ್ತಿರಲಿಲ್ಲ ನೋಡ್ರಿ" ಎಂದು ಕಣ್ಣೊರೆಸಿಕೊಂಡರು.

ಅದೇ ವರದಿಯಲ್ಲಿ ನಾಗವೇಣಿಯ ನಂಬರಿನ ಎದುರು ಸೊನ್ನೆ ಇತ್ತು. 'ವರ್ಷವಿಡೀ ಯಾವುದೇ ಕೆಲಸ ನಿರ್ವಹಿಸದ ಕಾರಣ ನಾಗವೇಣಿಯವರನ್ನು ಸೇವೆಯಿಂದ ತೆಗೆದುಹಾಕಲಾಗಿದೆ' ಎಂಬ ಪತ್ರವನ್ನು ಸಾಹುಕಾರರು ಫೋನಿನಲ್ಲಿ ಹೇಳಿ ಬರೆಸಿದರು. ಬರೆದುಕೊಂಡವಳು ನಾಗವೇಣಿ. ಕಂಪನಿಯ ಪತ್ರಗಳನ್ನು ಬರೆಯುವುದು ಅವಳ ಕೆಲಸವಲ್ಲವೆ?

ಬರೆಯುತ್ತಿದ್ದಂತೆ ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಪತ್ರ ಅಳಿಸಿ ಬೇರೊಂದು ಬರೆದಳು: 'ನಾಗವೇಣಿಯವರನ್ನು ಈ ದಿನದಿಂದ ಕಾಯಂಗೊಳಿಸಲಾಗಿದೆ.' ಪತ್ರ ಸಾಹುಕಾರರ ನಂಬರಿನಿಂದ ಹೊರಟಿತು.

"ಈ ಆರ್ಡರ್ ನಾ ಕೊಟ್ಟಿಲ್ಲಲೇ!" ಮರಿಸ್ವಾಮಿಯವರು ಆಫೀಸು ನಡುಗುವಂತೆ ಕೂಗಿದರು.

ಇಸ್ಮಾಯಿಲ್‌ಸಾಬ್ ತಲೆ ತುರಿಸಿಕೊಂಡ. "ಇದು ನಿಮ್ದಲ್ಲಂದ್ರ, ಉಳಿದದ್ದೂ ನೀವು ಮಾಡಿಲ್ಲಂದಂಗ ಆಗ್ತೈತ್ರೀ. ಎಲ್ಲಾ ಒಂದೇ ನಂಬರಿನ್ಯಾಗ ಐತಿ."

ಸಾಹುಕಾರರು ಹೆಗಲ ಮೇಲಿನ ಶಾಲು ಮುಟ್ಟಿ ನೋಡಿಕೊಂಡರು.

"ಕೊಟ್ಟೀನಿ" ಎಂದರು.

ಮರುವಾರ ಮಸ್ಕಿ, ಲಿಂಗಸುಗೂರಿನವರನ್ನೂ ಅವರು ಕಾಯಂ ಮಾಡಿರುವುದು ತಿಳಿದುಬಂತು. ಈಗ ಮರಿಸ್ವಾಮಿಯವರು ದಿನಾ ಬೆಳಿಗ್ಗೆ ಸಂತೆಕಲ್ಲೂರಿಗೆ ಫೋನು ಮಾಡಿ, ನಿನ್ನೆ ತಾವು ಕೊಟ್ಟ ಅಪ್ಪಣೆಗಳೇನೇನೆಂದು ನಾಗವೇಣಿಯಿಂದ ಕೇಳಿ ತಿಳಿದುಕೊಳ್ಳುತ್ತಾರೆ.