ಮಡಚುವ ಗಣಪತಿ

ಪತ್ರಿಕೆ ನಡೆಸುವುದು ಬಹಳ ಸುಲಭದ ಕೆಲಸ. ಹೀಗೆಂದು ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಹೇಳುತ್ತಲೂ ಇದ್ದೆ!

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನನಗೆ ಕುತೂಹಲವೆಂಬ ಒಂದು ಕಾಯಿಲೆ ಇತ್ತು. ಗುಬ್ಬಿ ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ಸ್ಟಾಪು ದಾಟಿಯೇ ಏಕೆ ನಿಲ್ಲುತ್ತದೆ? ನಮ್ಮ ಶೆಟ್ಟಿಹಳ್ಳಿ ಬಡಾವಣೆಯ ಬೀದಿದೀಪ ಹಗಲೆಲ್ಲ ಉರಿದು ಕತ್ತಲಾಗುತ್ತಲೇ ಏಕೆ ಆರಿಹೋಗುತ್ತದೆ? ಇಂಥವನ್ನು ಕೇಳಿ ಕೇಳಿ ಮನೆಯವರ ತಲೆ ತಿಂದಿದ್ದೆ. ಹೆಂಡತಿ ಸರೋಜ ಒಂದು ದಿನ, "ಇದನ್ನೆಲ್ಲ ನನ್ನ ಕೇಳೋ ಬದ್ಲು ಎಲ್ಲಾದ್ರೂ ಬರ್ದು ಹಾಕ್ಬಾರ್ದಾ?" ಎಂದಳು. ಪಾಪ, ಬಾಯಿತಪ್ಪಿ ಹೇಳಿದ ಮಾತು. ಅದರಿಂದಲೇ "ನಮ್ಮೂರ ಗಂಟೆ" ಎಂಬ ಪಾಕ್ಷಿಕ ಹುಟ್ಟಿತು.

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರುಗಳಿಗೆ ಸೇರಿ ಒಂದೇ ಪತ್ರಿಕೆ. ನಾಲ್ಕು ಪುಟ. ಜಾಹೀರಾತು ಇಲ್ಲ, ಪಕ್ಷ ಇಲ್ಲ, ಮಾಲೀಕ ಇಲ್ಲ. ಮೊದಲ ಪುಟದಲ್ಲೇ "ಲಾಭದ ಉದ್ದೇಶವಿಲ್ಲದ ಪತ್ರಿಕೆ" ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೆ.

"ಅದನ್ನ ಬೇರೆ ಹೇಳ್ಬೇಕಾ? ನೋಡಿದ್ರೇ ಗೊತ್ತಾಗುತ್ತೆ" ಎಂದಳು ಸರೋಜ.

ಪತ್ರಿಕೆ ಅಚ್ಚಾಗುತ್ತಿದ್ದುದು ಪುಟ್ಟರಾಜಣ್ಣನ ಪ್ರೆಸ್ಸಿನಲ್ಲಿ. ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ ಜೋಡಿಸಿ, ಕಾಲಲ್ಲಿ ತುಳಿಯುವ ಮೆಷಿನ್ನಿನಲ್ಲಿ ಅಚ್ಚು ಹಾಕಬೇಕು. ಪ್ರೆಸ್ಸಿನ ಭಾಷೆಯಲ್ಲಿ ಸಂಚಿಕೆಯನ್ನು "ಹೊರತರುವುದು" ಎಂದೆಲ್ಲ ಇರಲಿಲ್ಲ. "ಈ ಸಲ ಯಾವತ್ತು ಬಿಡ್ತೀರಾ ಮೇಷ್ಟ್ರೇ?" ಎಂದು ಪುಟ್ಟರಾಜಣ್ಣ ಕೇಳುತ್ತಿದ್ದ. "ಗುರುವಾರ ಬಿಡ್ತೀವಿ" ಎಂದು ನಾನು ಗತ್ತಿನಿಂದ ಹೇಳುತ್ತಿದ್ದೆ. ಈ "ಬಿಡುವುದು" ಎಂಬ ಪದವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನನ್ನನ್ನು ಮುಳುಗಿಸಿದ್ದು ಅದೇ.

ಆ ವರ್ಷ ಶ್ರಾವಣದಲ್ಲಿ ಪುಟ್ಟರಾಜಣ್ಣ ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಗಣಪತಿ ಹಬ್ಬದೊಳಗೆ ಚಂದಾದಾರರು ಹೆಚ್ಚಾಗ್ಲಿಲ್ಲ ಅಂದ್ರೆ ನನ್ ಕೈಲಾಗಲ್ಲ. ದೀಪಾವಳಿ ಕಳೀತಿದ್ದಂಗೆ ಮದುವೆ ಸೀಜನ್ನು. ನಿಮ್ ಪತ್ರಿಕೆ ಮೊಳೆ ಕಿತ್ತು ಲಗ್ನಪತ್ರಿಕೆಗೆ ಜೋಡಿಸ್ತೀನಿ. ಲಗ್ನಪತ್ರಿಕೇನಾದ್ರೆ ಜನ ಪೂರ್ತಿ ಓದ್ತಾರೆ ನೋಡಿ."

ಬೀದಿದೀಪದ ಮೇಲೆ ನಾನು ಒಂದು ಮಹಾ ತನಿಖಾ ವರದಿ ಬರೆದು ಮುಗಿಸಿದ್ದೆ. ಅದಕ್ಕಾಗಿ ಉರಿಬಿಸಿಲಿನಲ್ಲಿ ದೀಪದ ಕಂಬದ ಕೆಳಗೆ ನಿಂತು ನೆತ್ತಿ ಸುಟ್ಟುಕೊಂಡಿದ್ದೆ. ಆ ವರದಿ ಯಾರೂ ಓದದೆ ಸಾಯುವುದೆಂದರೇನು? ನಾನೇ ಚಂದಾ ಎತ್ತಲು ಹೊರಡುವುದೆಂದು ತೀರ್ಮಾನಿಸಿದೆ. ಪುಟ್ಟರಾಜಣ್ಣ ಹೊಸ ರಸೀದಿ ಪುಸ್ತಕ ಅಚ್ಚು ಮಾಡಿಕೊಟ್ಟ. "ನಮ್ಮೂರ ಗಂಟೆ ಬಳಗ, ಚಂದಾ ರಸೀದಿ" ಎಂದೂ ಕೆಳಗೆ ನಮ್ಮ ಮನೆಯ ವಿಳಾಸವೂ ಇತ್ತು. ಶುಭವಾಗಲಿ ಎಂದು, ಲಗ್ನಪತ್ರಿಕೆಯ ತಲೆಗೆ ಹಾಕುವ ಗಣಪತಿ ಚಿತ್ರದ ಬ್ಲಾಕನ್ನು ಅದಕ್ಕೂ ತಾನಾಗಿಯೇ ಹಾಕಿದ್ದ. ಒಳ್ಳೆಯ ಮನುಷ್ಯ!

ಮೊದಲು ಹೋದದ್ದು ಗುಬ್ಬಿಗೆ, ಕೊಬ್ಬರಿ ಮಂಡಿಯ ಸಿದ್ದಪ್ಪನವರ ಹತ್ತಿರ. ಊರಿಗೆ ದೊಡ್ಡ ಮನುಷ್ಯರು. ಅವರು ಒಪ್ಪಿದರೆ ಇಡೀ ಪೇಟೆ ಒಪ್ಪಿದ ಹಾಗೆ. ತೂಕ ಜೋರಾಗಿ ನಡೆದಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಜನಜಾಗೃತಿಯ ಈ ಪವಿತ್ರ ಕಾರ್ಯದಲ್ಲಿ..." ಎಂದು ಭಾಷಣ ಶುರುಮಾಡಿದೆ.

"ಅದೆಲ್ಲ ಇದ್ದಿದ್ದೇ ಬುಡಿ ಮೇಷ್ಟ್ರೇ. ಚಂದಾ ತಾನೆ?" ಎಂದು ಅವರು ರಸೀದಿ ಪುಸ್ತಕ ಈಸಿಕೊಂಡು ಮೇಲಿನ ಚಿತ್ರವನ್ನು ಕಣ್ಣಿಗೊತ್ತಿಕೊಂಡರು. ಅಚ್ಚಾದ ಅಕ್ಷರಕ್ಕೆ ಇಷ್ಟು ಗೌರವ! ನನಗೆ ಕಣ್ಣು ತುಂಬಿ ಬಂತು.

"ಯಾವೂರಿಂದು?"

"ತುಮಕೂರು, ಗುಬ್ಬಿ, ಕುಣಿಗಲ್ ಮೂರೂರಿಗೂ ಒಂದೇ ಮಾಡ್ತಿದೀವಿ."

"ಮೂರೂರಿಗೂ ಒಂದೇನಾ? ಹಂಗಾರೆ ಭಾರಿ ದೊಡ್ದಿರ್ಬೇಕು."

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. "ಬಿಚ್ಚಿದ್ರೆ ಇಷ್ಟು ಬರುತ್ತೆ. ಮಡಚಿದ್ರೆ ಕಂಕುಳಲ್ಲಿ ಇಟ್ಕೊಂಡು ಹೋಗ್ಬೋದು."

ಸಿದ್ದಪ್ಪನವರು ತಕ್ಕಡಿ ಬಿಟ್ಟು ನನ್ನತ್ತ ತಿರುಗಿದರು. "ಮಡಚ್ಬೋದಾ?"

"ಮಡಚಿದ್ರೇ ಅನುಕೂಲ."

"ಬಣ್ಣ?"

"ಬಣ್ಣ ನಮ್ ಕೈಲಾಗಲ್ಲ. ಕಪ್ಪು ಬಿಳುಪು."

"ಅದೇ ವಾಸಿ ಬುಡಿ. ಬಣ್ಣದ್ದು ನೆಂದ್ರೆ ಕೈಗೆಲ್ಲ ಮೆತ್ಕೊತದೆ. ಎಷ್ಟು ದಿನಕ್ಕೆ ಬುಡ್ತೀರಾ?"

"ಹದಿನೈದು ದಿನಕ್ಕೆ. ಒಂದ್ಸಲಾನೂ ತಪ್ಪಿಸಲ್ಲ."

"ಎಲ್ಲಿ ಬುಡ್ತೀರಾ?"

"ಮೂರೂರಲ್ಲೂ ಬಿಡ್ತೀವಿ. ನಿಮ್ಗೆ ಹಬ್ಬಕ್ಕೆ ಸರಿಯಾಗಿ ಮೊದಲ್ನೇದು."

ಸಿದ್ದಪ್ಪನವರು ರಸೀದಿ ಪುಸ್ತಕವನ್ನು ಮತ್ತೊಮ್ಮೆ ಕಣ್ಣಿಗೊತ್ತಿಕೊಂಡರು. ಆಮೇಲೆ ಒಳಗೆ ತಿರುಗಿ, "ಏನ್ರಲಾ, ಬನ್ರಲಾ ಇಲ್ಲಿ! ಮೂರೂರಿಗೂ ಒಂದೇ ಅಂತೆ. ಅದ್ನೇ ಮೂರೂರಲ್ಲೂ ಬುಡ್ತಾರಂತೆ. ಮಡಚ್ತಾರಂತೆ ಕಣ್ರಲಾ!" ಎಂದು ಕೂಗಿದರು. ಹಮಾಲರು, ಗುಮಾಸ್ತರು, ಎದುರು ಅಂಗಡಿಯವರು ಎಲ್ಲರೂ ಬಂದು ನನ್ನನ್ನು ಸುತ್ತುವರಿದರು. ಎಲ್ಲರೂ ಚಂದಾ ಬರೆಸಿದರು. ಒಬ್ಬ ಮುದುಕರು ನನ್ನ ಕಾಲಿಗೇ ಬಿದ್ದರು!

ಸಾಯಂಕಾಲ ಹೆಂಡತಿಗೆ ನಡೆದದ್ದನ್ನೆಲ್ಲ ವರ್ಣಿಸಿ ಹೇಳಿದೆ: "ಸರೋಜ, ಜನರಲ್ಲಿ ಸುದ್ದಿಯ ಹಸಿವು ಹೇಗಿದೆ ಅಂತೀಯ!"

"ಕಾಲಿಗೆ ಬೀಳೋವಷ್ಟಾ?" ಎಂದಳು. ಅವಳ ದನಿಯಲ್ಲಿ ಅನುಮಾನವಿತ್ತು. ಪತ್ರಕರ್ತನ ಕುತೂಹಲ ನನಗಿಂತ ಅವಳಿಗೇ ಹೆಚ್ಚಿತ್ತೆಂದು ಈಗ ಅನ್ನಿಸುತ್ತದೆ.

ಕುಣಿಗಲ್ಲಿನಲ್ಲೂ ಇದೇ ಕಥೆ. ಅನುಭವಸ್ಥನಾಗಿದ್ದ ನಾನು ಭಾಷಣವನ್ನು ಕೈಬಿಟ್ಟು, ನೇರವಾಗಿ ಕೈ ಅಗಲಿಸಿ, "ಬಿಚ್ಚಿದ್ರೆ ಇಷ್ಟು, ಮಡಚಿದ್ರೆ ಕಂಕುಳಲ್ಲಿ" ಎಂದೇ ಶುರುಮಾಡುತ್ತಿದ್ದೆ. ಹೋಟೆಲ್ ರಂಗಣ್ಣ ಎಂಬವರಂತೂ ಪುಕ್ಕಟೆ ಮಸಾಲೆದೋಸೆ ಕೊಟ್ಟು, "ಇದನ್ನ ಯಾರೂ ಮಾಡಿರ್ಲಿಲ್ಲ ಸಾರ್. ಯಾರ ಐಡಿಯಾ?" ಎಂದು ಕೇಳಿದರು. "ನನ್ನದೇ" ಎಂದೆ. ದೋಸೆ ಬಹಳ ರುಚಿಯಾಗಿತ್ತು.

ಬಂದ ಚಂದಾಕ್ಕೆಲ್ಲ ಕಾಗದ ಕೊಂಡು ಪುಟ್ಟರಾಜಣ್ಣನ ಪ್ರೆಸ್ಸಿನಲ್ಲಿ ಒಟ್ಟಿದೆ. ಅವನಿಗೂ ಖುಷಿ. "ಮೇಷ್ಟ್ರೇ, ಇನ್ನು ನಿಮ್ ಪತ್ರಿಕೆ ಮೊಳೆ ಮುಟ್ಟಲ್ಲ" ಎಂದು ಮಾತು ಕೊಟ್ಟ. ಬೀದಿದೀಪದ ವರದಿ ಮುಖಪುಟದಲ್ಲಿ ಜೋಡಣೆಯಾಗಿ ಕೂತಿತು. ಮೊಳೆಯಲ್ಲಿ ಅಕ್ಷರಗಳು ತಿರುಗುಮುರುಗಾಗಿ ಇರುತ್ತವೆ. ಆದರೂ ಅದನ್ನು ನೋಡಿಯೇ ಆನಂದಿಸಿದೆ.

ಹಬ್ಬದ ಹಿಂದಿನ ದಿನ, ಗೌರಿ ಪೂಜೆ ಮುಗಿದು ನಾವು ಊಟಕ್ಕೆ ಕೂತಿದ್ದೆವು. ಗುಬ್ಬಿ ರೂಟಿನ ಬಸ್ ಕಂಡಕ್ಟರ್ ಒಬ್ಬ ನಮ್ಮ ಹಿಂದಿನ ಬೀದಿಯಲ್ಲಿದ್ದ. ಅವನು ಸೈಕಲ್ಲಿನ ಮೇಲೆ ಒಂದು ಮೂಟೆ ತಂದು ಬಾಗಿಲಲ್ಲಿ ಇಳಿಸಿದ.

"ಸಾರ್, ಮಂಡಿ ಸಿದ್ದಪ್ಪನೋರು ತೆಂಗಿನಕಾಯಿ ಕಳ್ಸವ್ರೆ. ನಾಳೆ ನಿಮ್ ಗಣಪತಿಗೆ ಈಡುಗಾಯಿ ಹೊಡೀಬೇಕಂತೆ. ಲಾರಿ ಮಾಡ್ಕೊಂಡು ಎಲ್ಲಾರೂ ಬತ್ತಾವ್ರೆ. ಕುಣಿಗಲ್ನೋರು ವಾಲಗ ತತ್ತಾರಂತೆ."

"ನಮ್ ಗಣಪತಿಗಾ?" ಎಂದೆ.

"ಅದೇ ಸಾರ್, ಮಡಚೋ ಗಣಪತಿ! ನಾನೂ ರಜ ಹಾಕಿದೀನಿ" ಎಂದು ಅವನು ಸೈಕಲ್ ಏರಿ ಹೋದ.

ಕೈಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮೂರೂರಿಗೂ ಒಂದೇ, ಬಿಚ್ಚಿದರೆ ಇಷ್ಟು, ಬಣ್ಣವಿಲ್ಲ, ಹದಿನೈದು ದಿನಕ್ಕೆ ಬಿಡುತ್ತೇವೆ! ಗುಬ್ಬಿಯ ಒಂದೊಂದು ಮಾತೂ ತಿರುಗಿ ಬಂದು ನನ್ನ ನೆತ್ತಿಗೆ ಮೊಟಕಿತು. ಸರೋಜ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು!

"ಚಂದಾ ಎತ್ತೋ ಚಂದ ನೋಡು ಇವರ್ದು! ಹೋಗಿ ನಿಜ ಹೇಳ್ಬಿಡ್ರೀ."

"ಏನಂತ ಹೇಳ್ಲಿ? ಸತ್ಯ ಬರೆಯೋ ಪತ್ರಿಕೆ ಗಣಪತಿ ಹೆಸರಲ್ಲಿ ಚಂದಾ ಎತ್ತಿದೆ ಅಂತ್ಲಾ? ಆಮೇಲೆ ಯಾರು ನಂಬ್ತಾರೆ ನಮ್ಮನ್ನ?"

"ಹಂಗಾದ್ರೆ ಒಂದು ಮಣ್ಣಿನ ಗಣಪತೀನಾದ್ರೂ ತನ್ನಿ."

"ಅದನ್ನ ಮಡಚೋದು ಹೇಗೆ?"

ಸರೋಜ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. "ರೀ, ನೀವು ಹೇಳಿದ್ದೆಲ್ಲ ಪೇಪರ್ ವಿಷಯ ತಾನೆ? ಪೇಪರ್ ಮೇಲೇ ಗಣಪತಿ ಕೂರ್ಸಿ."

ಊಟ ಬಿಟ್ಟು ಓಡಿದೆ. ಪುಟ್ಟರಾಜಣ್ಣ ವಿಷಯ ಕೇಳಿ, ತನ್ನ ಬ್ಲಾಕಿನ ಮಹಿಮೆಗೆ ತಾನೇ ಕೈಮುಗಿದ. ಕ್ಯಾಲೆಂಡರಿಗೆಂದು ಮಾಡಿಸಿಟ್ಟಿದ್ದ ಒಂದು ದೊಡ್ಡ ಗಣಪತಿ ಬ್ಲಾಕನ್ನು ಬೀರುವಿನಿಂದ ತೆಗೆದ. ಅದು ಮುಖಪುಟವನ್ನು ಪೂರ್ತಿ ಆಕ್ರಮಿಸಿತು. ನನ್ನ ಬೀದಿದೀಪ ಒಳಪುಟಕ್ಕೆ ಹೋಯಿತು. ಪರವಾಗಿಲ್ಲ, ಗಣಪತಿಯ ಬೆನ್ನಿಗೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಅಚ್ಚು ಮುಗಿಯಿತು.

ಮರುದಿನ ಲಾರಿ ಬಂತು. ವಾಲಗ ಬಂತು. ಪತ್ರಿಕೆಯ ಕೇಂದ್ರ ಕಚೇರಿ ಎಂದು ನಾನು ಕರೆಯುತ್ತಿದ್ದ ನಮ್ಮ ಮನೆಯ ಹಜಾರ ತುಂಬಿ, ಜನ ರಸ್ತೆಯಲ್ಲಿ ನಿಂತರು. ಮಂಟಪದಲ್ಲಿ ಸರೋಜ ಒಂದು ಪ್ರತಿಯನ್ನು ಅಗಲವಾಗಿ ಬಿಚ್ಚಿ, ಗರಿಕೆ ಏರಿಸಿ ಇಟ್ಟಿದ್ದಳು. ನಾನು ಬಾಗಿಲ ಮರೆಗೆ ಸರಿದೆ. ಸಿದ್ದಪ್ಪನವರು ಮುಂದೆ ಬಂದು ದಿಟ್ಟಿಸಿ ನೋಡಿದರು. ಹುಬ್ಬು ಗಂಟಿಕ್ಕಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ಪಕ್ಕದಲ್ಲಿದ್ದ ಪ್ರತಿಯೊಂದನ್ನು ಕೈಗೆತ್ತಿಕೊಂಡು, ಮೆಲ್ಲಗೆ ಒಂದು ಮಡಿಕೆ ಮಡಚಿದರು. ಇನ್ನೊಂದು ಮಡಿಕೆ ಮಡಚಿದರು. ಕಂಕುಳಲ್ಲಿ ಇಟ್ಟುಕೊಂಡು ನೋಡಿದರು.

"ಮೇಷ್ಟ್ರು ಸುಳ್ ಹೇಳಿಲ್ಲ ಕಣ್ರಪ್ಪಾ!"

ಈಡುಗಾಯಿಯ ಚೂರುಗಳು ಬೀದಿದೀಪದ ಕಂಬದವರೆಗೂ ಸಿಡಿದವು. ವಾಲಗ ಮೊಳಗಿತು. ಎಲ್ಲರಿಗೂ ಕಡಲೆಕಾಳು ಉಸಲಿ, ಒಂದೊಂದು ಪ್ರತಿ. ನಾನು ಗುಂಪಿನ ಮಧ್ಯೆ ನುಗ್ಗುತ್ತ, "ಒಳಗಡೇನೂ ನೋಡಿ, ಒಳಗೆ ಮುಖ್ಯವಾದ್ದು ಇದೆ" ಎಂದು ಒಬ್ಬೊಬ್ಬರಿಗೂ ಹೇಳಿದೆ. ಸಿದ್ದಪ್ಪನವರು ಕನ್ನಡಕ ತಂದಿರಲಿಲ್ಲ. ಒಳಪುಟ ತೆರೆದು, ಬೀದಿದೀಪದ ವರದಿಯ ಮೇಲೆ ಬೆರಳಾಡಿಸಿ, "ಸ್ತೋತ್ರಾನೂ ಹಾಕ್ಸವ್ರೆ" ಎಂದು ಭಕ್ತಿಯಿಂದ ಮುಚ್ಚಿದರು. ಹೊರಡುವಾಗ ಎಲ್ಲರೂ ಪತ್ರಿಕೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋದರು. ಪ್ರಪಂಚದ ಯಾವ ಸಂಪಾದಕನಿಗೆ ಈ ಭಾಗ್ಯ ಸಿಕ್ಕಿದೆ? ನಾನು ಬಾಗಿಲಲ್ಲಿ ನಿಂತು ನಿಜವಾಗಿಯೂ ಅತ್ತೆ.

ಅಲ್ಲಿಂದಾಚೆಗೆ ಚಂದಾದಾರರು ಹೆಚ್ಚಿದರೇ ಹೊರತು ಕಡಿಮೆಯಾಗಲಿಲ್ಲ. ಪುಟ್ಟರಾಜಣ್ಣ ಪ್ರತಿ ಸಂಚಿಕೆಯ ತಲೆಗೂ ಲಗ್ನಪತ್ರಿಕೆಯ ಪುಟ್ಟ ಗಣಪತಿಯನ್ನು ಕೂರಿಸತೊಡಗಿದ. ನಾನು ಬೇಡವೆನ್ನಲಿಲ್ಲ. ಬೀದಿದೀಪದ ವರದಿಯನ್ನು ಕಂತು ಕಂತಾಗಿ ಮುಂದುವರಿಸಿದೆ. ಜನ ಏನನ್ನುತ್ತಾರೆ ಎಂಬ ಕುತೂಹಲ ಮಾತ್ರ ದಿನದಿನಕ್ಕೆ ಬೆಳೆಯಿತು. ದೀಪಾವಳಿ ಕಳೆದ ಮೇಲೆ ತಡೆಯಲಾರದೆ ಗುಬ್ಬಿ ಬಸ್ಸು ಹತ್ತಿದೆ. ಬಸ್ಸು ಸ್ಟಾಪು ದಾಟಿ ನಿಂತಿತು. ಇಳಿದು ಪೇಟೆಗೆ ವಾಪಸು ನಡೆದೆ.

ದಾರಿಯುದ್ದಕ್ಕೂ ಕಣ್ಣಾಡಿಸಿದೆ. ಮೊದಲೆಲ್ಲ ಗುಬ್ಬಿಯಲ್ಲಿ ನನ್ನ ಪತ್ರಿಕೆ ಬೋಂಡದಂಗಡಿಯಲ್ಲೇ ಕಣ್ಣಿಗೆ ಬೀಳುತ್ತಿತ್ತು. ಈಗ ಬೋಂಡ ಕಟ್ಟುವವರ ಕೈಯಲ್ಲಿ ಇಲ್ಲ, ಕಡಲೆಕಾಯಿ ಪೊಟ್ಟಣದಲ್ಲಿ ಇಲ್ಲ, ಸೈಕಲ್ಲಿನ ಸೀಟು ಒರೆಸುವವರ ಹತ್ತಿರವೂ ಇಲ್ಲ! ಹಾಗಾದರೆ ಜನ ಜೋಪಾನ ಮಾಡುತ್ತಿದ್ದಾರೆ ಎಂದಾಯಿತು. ಎದೆಯುಬ್ಬಿಸಿ ಮಂಡಿಗೆ ಕಾಲಿಟ್ಟೆ.

"ಬನ್ನಿ ಬನ್ನಿ ಮೇಷ್ಟ್ರೇ" ಎಂದರು ಸಿದ್ದಪ್ಪನವರು. "ಮುಂದಿನ್ ವರ್ಷದ ಚಂದಾನೂ ಈಗ್ಲೇ ಬರ್ಕಳಿ."

"ಅದಿರ್ಲಿ, ಪತ್ರಿಕೆ ಹೇಗೆ ಬರ್ತಾ ಇದೆ?"

"ಟೈಮ್ ಅಂದ್ರೆ ಟೈಮ್. ಹದಿನೈದು ದಿನಕ್ಕೆ ಕರೆಕ್ಟಾಗಿ ಬಂದ್ಬುಡ್ತದೆ."

"ಎಲ್ಲಾ ಇಟ್ಟಿದೀರಾ? ಹಳೇವು?"

"ಎಲ್ಲಿ ಮಡಿಕ್ಕಳದು? ಮನೇಲಿ ಅಷ್ಟೊಂದು ಗಣಪತಿ ಮಡಿಕ್ಕಬಾರ್ದು ಕಣ್ರೀ. ಬುಟ್ವಲ್ಲ!"

"ಬಿಟ್ರಾ? ಎಲ್ಲಿ?"

"ಕೆರೇಲಿ! ಬಂದ್ ದಿನಾನೇ ಹೂವ ಇಟ್ಟು, ಊದ್ಗಡ್ಡಿ ಹಚ್ಚಿ, ಮಡಚಿ ಬುಡ್ತೀವಿ. ಕುಣಿಗಲ್ನೋರೂ ಅವ್ರ್ ಕೆರೇಲಿ ಬುಡ್ತಾವ್ರಂತೆ. ನೀವೇ ಹೇಳಿದ್ರಲ್ಲ, ಹದಿನೈದು ದಿನಕ್ಕೆ, ಮೂರೂರಲ್ಲೂ, ಒಂದ್ಸಲಾನೂ ತಪ್ಪಿಸ್ಬಾರ್ದು ಅಂತ. ಒಂದ್ಸಲಾನೂ ತಪ್ಪಿಸಿಲ್ಲ!"

ನಾನು ರಸೀದಿ ಪುಸ್ತಕ ತೆಗೆದು, ಮುಂದಿನ ವರ್ಷದ ಚಂದಾ ಬರೆದುಕೊಂಡೆ.

ಮನೆಗೆ ಬಂದಾಗ ಸರೋಜ ಬಾಗಿಲಲ್ಲೇ ಕಾದಿದ್ದಳು. "ಏನಂತೆ? ಬೀದಿದೀಪದ್ದು ಯಾರಾದ್ರೂ ಓದಿದ್ರಾ?"

"ಕೆರೆ ಮೀನು ಓದಿರ್ಬೇಕು" ಎಂದು ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. ಕಾಫಿ ತಂದುಕೊಟ್ಟು ಎದುರಿಗೆ ಕೂತಳು. ಹೊರಗೆ ನಮ್ಮ ಬೀದಿದೀಪ ಮಟಮಟ ಬಿಸಿಲಿನಲ್ಲಿ ಉರಿಯುತ್ತಿತ್ತು.

"ಪತ್ರಿಕೆ ಉಳೀತಲ್ಲ, ಅಷ್ಟೇ ಸಾಕು. ಹೋಗ್ಲಿ ಬಿಡಿ" ಎಂದಳು.

"ಸರೋಜ, ನಿನ್ ದಮ್ಮಯ್ಯ" ಎಂದೆ, "ಆ ಒಂದು ಮಾತು ಮಾತ್ರ ಬಿಟ್ಬಿಡೇ!"